ನುಗ್ಗೆಗೆ ಮರ್ಯಾದೆ ಒಗ್ಗುವುದಿಲ್ಲ

ನಮ್ಮಲ್ಲಿ ಮರಗಳಿಗೂ ಅಂತಸ್ತಿದೆ. ಅರಳಿಗೆ ಕಟ್ಟೆ ಕಟ್ಟಿಸುತ್ತೇವೆ, ಪಕ್ಕದ ಬೇವಿನ ಜೊತೆ ಮದುವೆ ಮಾಡಿಸುತ್ತೇವೆ, ಬುಡದಲ್ಲಿ ನಾಗರಕಲ್ಲು ನಿಲ್ಲಿಸಿ ಸುತ್ತು ಬರುತ್ತೇವೆ. ಬನ್ನಿಗೆ ವಿಜಯದಶಮಿಯ ದಿನವಾದರೂ ಪೂಜೆ ಸಲ್ಲುತ್ತದೆ. ಶ್ರೀಗಂಧ ಬಹುಕಾಲ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತಾಗಿ, ಕಳ್ಳರ ಕಣ್ಣಿಗೂ ಗಾರ್ಡುಗಳ ಕಣ್ಣಿಗೂ ಒಂದೇ ಸಮ ಬಿದ್ದುಕೊಂಡು ಬದುಕಿತು. ಮಾವು ಬಾಗಿಲಿಗೆ ತೋರಣವಾಯಿತು, ತೆಂಗು ಕಲಶ ಏರಿತು, ಬಾಳೆ ಮಂಟಪದ ಕಂಬವಾಯಿತು. ಈ ಪಂಕ್ತಿಯಲ್ಲಿ ನುಗ್ಗೆಗೆ ಎಲೆ ಹಾಕಿದವರು ಯಾರೂ ಇಲ್ಲ. ಪಂಕ್ತಿಗೆ ಬಡಿಸುವ ಹುಳಿಯೊಳಗೆ ಅದು ಇರುತ್ತದೆ, ಅಷ್ಟೇ.

ಮನೆಗೆ ‘ಪಾರಿಜಾತ’ ಎಂದೋ ‘ಅಶೋಕ’ ಎಂದೋ ಹೆಸರಿಡುವವರಿದ್ದಾರೆ. ‘ನುಗ್ಗೆ ನಿಲಯ’ ಎಂಬ ಬೋರ್ಡು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆಗೆ ಒಂದು ರಸ್ತೆ ಇದೆ, ಬೇವಿಗೆ ಮಾರ್ಗೋಸಾ ಎಂಬ ದೊರೆಗಳ ಹೆಸರಿನಲ್ಲಿ ಇನ್ನೊಂದು ಇದೆ. ಅದೇ ಮಲ್ಲೇಶ್ವರದ ಹಳೆಯ ಮನೆಗಳ ಹಿತ್ತಲಲ್ಲಿ ನಿಂತು ಆ ಎರಡೂ ರಸ್ತೆಯ ಜನರಿಗೆ ಕಾಯಿ ಕೊಟ್ಟ ನುಗ್ಗೆಗೆ ಒಂದು ಅಡ್ಡರಸ್ತೆಯೂ ಇಲ್ಲ.

ಆದರೆ ಒಂದು ಊರಿದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ಹೊಯ್ಸಳ ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಅಲ್ಲಿ ಲಕ್ಷ್ಮೀನರಸಿಂಹನಿಗೆ ತ್ರಿಕೂಟ ದೇವಾಲಯ ಕಟ್ಟಿಸಿದ. ಬೈಚೋಜ, ಮಲ್ಲಿತಮ್ಮ ಎಂಬ ಹೆಸರಾಂತ ರೂವಾರಿಗಳು ಗೋಡೆಯ ಒಂದೊಂದು ಮಗ್ಗುಲನ್ನು ಹಂಚಿಕೊಂಡು ಕೆತ್ತಿದರು. ಊರನ್ನು ಅಗ್ರಹಾರ ಮಾಡಿ ‘ವಿಜಯಸೋಮನಾಥಪುರ’ ಎಂಬ ಭಾರಿ ಹೆಸರೂ ಬಂತು. ಏಳೂವರೆ ಶತಮಾನ ಕಳೆದ ಮೇಲೆ ನೋಡಿದರೆ ದೊರೆಯ ಹೆಸರು ಶಾಸನದಲ್ಲಿದೆ, ಬಸ್ಸಿನ ಬೋರ್ಡಿನಲ್ಲಿ ನುಗ್ಗೇಹಳ್ಳಿ ಇದೆ. ಕನ್ನಡದ ಹಾಸ್ಯ ಬರಹಗಾರ್ತಿಯರಲ್ಲಿ ದೊಡ್ಡ ಹೆಸರು ಮಾಡಿದ ನುಗ್ಗೇಹಳ್ಳಿ ಪಂಕಜ ಅವರ ಹೆಸರಿನ ಮೊದಲಿಗೂ ಈ ಊರು ನಿಂತಿತು. ವಿಜಯಸೋಮನಾಥಪುರ ಪಂಕಜ ಎಂದಿದ್ದರೆ ಓದುಗರು ನಗುವ ಮೊದಲು ಎದ್ದು ನಿಂತು ಕೈಮುಗಿಯಬೇಕಾಗುತ್ತಿತ್ತು.

ನುಗ್ಗೆ ಇಷ್ಟು ಅಗ್ಗವಾದದ್ದಕ್ಕೆ ಅದರ ಮೈಕಟ್ಟೇ ಕಾರಣ. ಹತ್ತು ಹನ್ನೆರಡು ಮೀಟರು ಎತ್ತರಕ್ಕೆ ಬೆಳೆದರೂ ಒಳಗೆ ಬಿಗಿ ಇಲ್ಲ. ತೊಲೆಗಿಲ್ಲ, ಹಲಗೆಗಿಲ್ಲ, ನೇಗಿಲಿಗಿಲ್ಲ. ಒಲೆಗೆ ಹಾಕಿದರೆ ಉರಿಗಿಂತ ಹೊಗೆ ಹೆಚ್ಚು. ಬಡಗಿಯ ಮುಂದೆ ನುಗ್ಗೆಯ ದಿಮ್ಮಿ ಇಟ್ಟರೆ ಆತ ನಿಮ್ಮನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾನೆ. ಕಾಯಿ ಕೀಳಲೆಂದು ಹತ್ತಿದ ಹುಡುಗ ಕೊಂಬೆಯ ಸಮೇತ ಕೆಳಗೆ ಬರುವುದು ಎಲ್ಲ ಊರಿನಲ್ಲೂ ನಡೆದಿರುವ ಸಂಗತಿ. ಹಾಗಾಗಿ ನುಗ್ಗೆ ಇರುವ ಮನೆಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ದೋಟಿ ಇದ್ದೇ ಇರುತ್ತದೆ. ತೆಲುಗರು ಒಬ್ಬನನ್ನು ಹೊಗಳಿ ಉಬ್ಬಿಸುವುದಕ್ಕೆ ನುಗ್ಗೆಮರ ಹತ್ತಿಸುವುದು ಎನ್ನುತ್ತಾರೆ. ನಾವು ಅದೇ ಕೆಲಸಕ್ಕೆ ಅಟ್ಟಕ್ಕೇರಿಸುತ್ತೇವೆ. ಅಟ್ಟ ಹತ್ತಿದವನು ಏಣಿ ಹುಡುಕಿಕೊಂಡು ಇಳಿಯಬೇಕು. ನುಗ್ಗೆ ಹತ್ತಿದವನಿಗೆ ಇಳಿಯುವ ಶ್ರಮವೂ ಇಲ್ಲ.

ಈ ಮರದಲ್ಲಿ ದೆವ್ವ ಕೂರುತ್ತದೆ, ಮನೆಯ ಮುಂದೆ ನೆಡಬಾರದು ಎಂಬ ಮಾತೂ ಉಂಟು. ಕಥಾಸರಿತ್ಸಾಗರದಲ್ಲಿ ವಿಕ್ರಮನನ್ನು ಸುತ್ತಿಸಿದ ಬೇತಾಳ ಜೋತುಬಿದ್ದಿದ್ದು ಶಿಂಶಪಾ ಮರದಲ್ಲಿ. ಅದು ತಮಿಳುನಾಡಿಗೆ ಬರುವಷ್ಟರಲ್ಲಿ ವಾಸ ಬದಲಾಯಿಸಿ ನುಗ್ಗೆ ಮರ ಸೇರಿತು. ಬಿಟ್ಟ ಚಟ ಮತ್ತೆ ಹಿಡಿದವನನ್ನು ಕಂಡರೆ ಬೇತಾಳ ಮತ್ತೆ ನುಗ್ಗೆ ಹತ್ತಿತು ಎಂದು ತಮಿಳರು ಇಂದಿಗೂ ಗಾದೆ ಹೇಳುತ್ತಾರೆ. ನನಗೆ ಬೇತಾಳದ ಒಗಟುಗಳಿಗಿಂತ ಈ ವಾಸ್ತವ್ಯವೇ ದೊಡ್ಡ ಒಗಟು. ಏಳು ವರ್ಷದ ಹುಡುಗನನ್ನು ತಡೆಯದ ಕೊಂಬೆ ಒಂದು ಇಡೀ ಹೆಣವನ್ನು ಅಷ್ಟು ರಾತ್ರಿ ಹೇಗೆ ತೂಗುಹಾಕಿಕೊಂಡಿತ್ತು? ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತದೆ ಎಂದು ಹೆದರಿಸುವ ಬೇತಾಳವನ್ನೇ ವಿಕ್ರಮ ಈ ಪ್ರಶ್ನೆ ಕೇಳಬಹುದಿತ್ತು. ಆಮೇಲೆ ಅದು ಮರ ಹತ್ತುತ್ತಲೇ ಇರಲಿಲ್ಲ.

ದೆವ್ವದ ಮಾತನ್ನು ಹಿರಿಯರು ಸುಮ್ಮನೆ ಹುಟ್ಟಿಸಿರಲಾರರು. ಗಾಳಿಗೆ ಕೊಂಬೆ ಮುರಿದು ಹೆಂಚಿನ ಮೇಲೆ ಬೀಳುತ್ತದೆ. ಮಳೆಗಾಲ ಬಂತೆಂದರೆ ಕಂಬಳಿಹುಳು ಕಾಂಡವನ್ನೆಲ್ಲ ಮುಚ್ಚಿಬಿಡುತ್ತದೆ. ನುಗ್ಗೆಯನ್ನೇ ಮೆಚ್ಚಿ ಬರುವ ಜಾತಿ ಅದು. ಎಲೆ ತಿಂದು, ತೊಗಟೆ ಕೆರೆದು, ಹಗಲೆಲ್ಲ ಬೊಡ್ಡೆಯ ಮೇಲೆ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತದೆ. ಅದರ ರೋಮ ತಾಗಿದರೆ ಮೈಯೆಲ್ಲ ಕೆರೆತ, ದದ್ದು. ಒಣಹಾಕಿದ ಬಟ್ಟೆಯ ಮೇಲೆ ಒಂದೇ ಒಂದು ಬಿದ್ದಿದ್ದು, ಆ ಅಂಗಿ ತೊಟ್ಟವನು ಆಫೀಸಿನ ಮೀಟಿಂಗಿನಲ್ಲಿ ಕುಳಿತರೆ ಮೇಲಧಿಕಾರಿಗೆ ಅವನ ನಡತೆಯ ಬಗ್ಗೆ ಅನುಮಾನ ಬರುವುದು ಖಂಡಿತ. ಬೇರೆ ಔಷಧಿಗಿಂತ ಹಳೆಯ ಉಪಾಯವೇ ವಾಸಿ: ಉದ್ದನೆ ಕೋಲಿನ ತುದಿಗೆ ಚಿಂದಿ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ, ಹುಳುಗಳು ಗುಂಪಾಗಿ ಕೂತಿರುವಾಗ ಪಂಜು ತೋರಿಸುವುದು. ನಸುಕಿನ ಮಬ್ಬಿನಲ್ಲಿ ಪಂಜು ಹಿಡಿದು ಮರದ ಕೆಳಗೆ ನಿಂತವರನ್ನು ದೂರದಿಂದ ನೋಡಿದ ಯಾರಿಗಾದರೂ ಅಲ್ಲಿ ದೆವ್ವ ಇದೆ ಎನಿಸಿದರೆ ತಪ್ಪೇನು? ಸೀಮೆಎಣ್ಣೆ ಈಗ ಸಿಗುವುದು ಕಷ್ಟ. ಹುಳು ಮಾತ್ರ ತಪ್ಪದೆ ಬರುತ್ತದೆ. ಉಪ್ಪುನೀರನ್ನೋ ಸೋಪಿನ ನೀರನ್ನೋ ಜೋರಾಗಿ ಎರಚಿ ಉದುರಿಸುವವರೂ ಇದ್ದಾರೆ. ಉದುರಿದ ಹುಳು ಎಲ್ಲಿ ಉದುರುತ್ತದೆ ಎಂಬುದನ್ನು ಮೊದಲು ಯೋಚಿಸಿಕೊಳ್ಳಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಪಾಪ, ನುಗ್ಗೆಗೆ ಸ್ವಲ್ಪ ಗೌರವ ಕೊಡೋಣ ಎಂದು ಯಾರಿಗಾದರೂ ಅನಿಸಿದರೆ ಅಲ್ಲೇ ತೊಂದರೆ ಶುರುವಾಗುತ್ತದೆ. ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಎಂಜಿನಿಯರು ಇದ್ದಾರೆ. ಅಣೆಕಟ್ಟು, ಕಾಲುವೆ ನೋಡಿಕೊಂಡವರು. ನೀರಿನ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ಅವರದು. ಮನೆ ಕಟ್ಟಿಸಿದ ಮೇಲೆ ಉಳಿದ ಜಾಗದಲ್ಲಿ ನುಗ್ಗೆ ನೆಟ್ಟು, ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಹನಿ ನೀರಾವರಿಯ ಪೈಪು ಎಳೆದು, ಕೊಟ್ಟಿಗೆ ಗೊಬ್ಬರದ ಜೊತೆಗೆ ಯೂರಿಯಾವನ್ನೂ ಅಳೆದು ಹಾಕಿದರು. ಮರ ಕೃತಜ್ಞತೆಯಿಂದ ಬೆಳೆಯಿತು. ಎರಡನೆಯ ಮಹಡಿಯ ಕಿಟಕಿಯನ್ನು ದಾಟಿತು. ದಟ್ಟ ಹಸಿರು, ತಂಪು ನೆರಳು, ನೋಡಿದವರೆಲ್ಲ ಹೊಗಳಿದರು. ಕಾಯಿ ಮಾತ್ರ ಒಂದೂ ಇಲ್ಲ. ಬೀದಿಯ ಕೊನೆಯಲ್ಲಿ ಚರಂಡಿಯ ಮಗ್ಗುಲಿಗೆ, ಯಾರೂ ನೆಡದೆ ಹುಟ್ಟಿದ ನುಗ್ಗೆಯೊಂದಿತ್ತು. ಹಸು ಅದಕ್ಕೆ ಮೈ ಉಜ್ಜುತ್ತಿತ್ತು, ವಿದ್ಯುತ್ ತಂತಿಗೆ ತಾಗುತ್ತದೆಂದು ಬಂದವರು ವರ್ಷಕ್ಕೊಮ್ಮೆ ಅದರ ತಲೆ ಹಾರಿಸಿ ಹೋಗುತ್ತಿದ್ದರು. ಅದರ ತುಂಬ ಕಾಯಿ. ಎಂಜಿನಿಯರು ಬೆಳಗಿನ ವಾಕಿಂಗಿನಲ್ಲಿ ಅದರ ಕೆಳಗೆ ಬಂದಾಗ ತಲೆ ಎತ್ತುತ್ತಿರಲಿಲ್ಲ.

ಅವರ ಮನೆಯ ಕೆಲಸಕ್ಕೆ ಬರುವ ಹೆಂಗಸು ಮಳವಳ್ಳಿ ಕಡೆಯವಳು. ಒಂದು ದಿನ ಪಾತ್ರೆ ತೊಳೆಯುತ್ತಲೇ ಹೇಳಿದಳು: “ಸಾರ್, ನೀವು ಅದ್ನ ಮಗೀನ್ ಸಾಕ್ದಂಗೆ ಸಾಕ್ತಾ ಇದ್ದೀರಿ. ಹೊಟ್ಟೆ ತುಂಬಿರೋ ಮರ ಯಾಕ್ ಕಾಯಿ ಬುಡ್ತದೆ? ನೀರು ನಿಲ್ಸಿ. ರೆಂಬೆ ಕಡೀರಿ. ಒಂದು ಹಳೇ ಚಪ್ಲಿ ಕಟ್ಟಿ.”

ಮೊದಲ ಎರಡು ಸಲಹೆಯನ್ನು ಎಂಜಿನಿಯರು ಒಪ್ಪಿದರು. ಮೂರನೆಯದಕ್ಕೆ ಅವರ ವಿದ್ಯೆ ಅಡ್ಡ ಬಂತು. ಕೊನೆಗೆ ಮನೆಯವರ ಒತ್ತಾಯಕ್ಕೆ ಮಣಿದು, ಬೀದಿಗೆ ಕಾಣದ ಮಗ್ಗುಲಲ್ಲಿ, ತಮ್ಮದೇ ಒಂದು ಹಳೆಯ ಬಾಟಾ ಚಪ್ಪಲಿಯ ಎಡಗಾಲನ್ನು ಕಟ್ಟಿದರು. ಬೇಸಿಗೆಯ ಹೊತ್ತಿಗೆ ಮರ ಕೆನೆಬಣ್ಣದ ಹೂವಿನಿಂದ ತುಂಬಿ ಬೀದಿಗೆಲ್ಲ ಸಣ್ಣಗೆ ಪರಿಮಳ ಬಂತು. ಆಮೇಲೆ ಕಾಯಿ ಇಳಿಯಿತು. ಈಗ ಆ ಮನೆಯಲ್ಲಿ ಮೂರು ಪಕ್ಷಗಳಿವೆ. ನೀರು ನಿಲ್ಲಿಸಿದ್ದರಿಂದ ಎಂದು ಎಂಜಿನಿಯರು, ಚಪ್ಪಲಿಯಿಂದ ಎಂದು ಕೆಲಸದಾಕೆ. ತಾವು ದಿನಾ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ಅದಕ್ಕೆ ಬೈಯುತ್ತಿದ್ದುದು ಯಾರಿಗೂ ಗೊತ್ತಿಲ್ಲ ಎಂದು ಎಂಜಿನಿಯರರ ಹೆಂಡತಿ.

ತೋಟಗಾರಿಕೆ ಓದಿದವರನ್ನು ಕೇಳಿದರೆ ಎಂಜಿನಿಯರ ಪಕ್ಷಕ್ಕೆ ಮತ ಹಾಕುತ್ತಾರೆ. ನೀರು, ಸಾರಜನಕ ಹೆಚ್ಚಾದರೆ ನುಗ್ಗೆ ಸೊಪ್ಪಿನ ಕಡೆಗೇ ತಿರುಗುತ್ತದೆ. ಮಣ್ಣು ಸ್ವಲ್ಪ ಒಣಗಿದರೆ ಹೂವಿನ ಯೋಚನೆ ಮಾಡುತ್ತದೆ. ಬುಡದಲ್ಲಿ ನೀರು ನಿಂತರಂತೂ ಬೇರೇ ಕೊಳೆಯುತ್ತದೆ. ಹಿಮಾಲಯದ ತಪ್ಪಲಿನ ಒಣ ಕಾಡಿನಿಂದ ಹೊರಟ ವಂಶ ಅದು. ಬಿಸಿಲಿಗೆ, ಬರಗಾಲಕ್ಕೆ ಬಗ್ಗುವುದಿಲ್ಲ. ಹಿಮಕ್ಕೆ, ಜವುಗಿಗೆ ಬಗ್ಗುತ್ತದೆ. ಉಳಿದಂತೆ ಕೆಂಪು ಮಣ್ಣೋ ಮರಳೋ ಎಂದು ಹೆಚ್ಚು ಚೌಕಾಸಿ ಮಾಡುವುದಿಲ್ಲ.

ನೆಡುವುದರಲ್ಲಿ ಎರಡು ಪಂಥ. ಹಳೆಯ ಪಂಥ ರೆಂಬೆಯದು. ಕೈತೋಳಿನ ದಪ್ಪದ, ಮೂರು ನಾಲ್ಕು ಅಡಿ ಉದ್ದದ ರೆಂಬೆಯನ್ನು ಕಡಿದು ಮಣ್ಣಿಗೆ ಊರಿ, ಮೇಲಿನ ಕೊಯ್ದ ಬಾಯಿಗೆ ಮಳೆನೀರು ಇಳಿಯದಂತೆ ಸಗಣಿ ಮೆತ್ತುವುದು. ಅಷ್ಟೇ ಉಪಚಾರ. ಯಾವ ಮರದ ರೆಂಬೆಯೋ ಅದರದೇ ರುಚಿ, ಅದರದೇ ಗುಣ. ಹಾಗಾಗಿ ಒಳ್ಳೆಯ ಕಾಯಿಯ ಮರವೊಂದು ಊರಲ್ಲಿದ್ದರೆ ಅದು ನೆಂಟರ ಮನೆಗಳಿಗೆಲ್ಲ ಹಂಚಿಹೋಗುತ್ತಿತ್ತು. ಮದುವೆಯಾಗಿ ಹೋದ ಮಗಳು ತೌರಿನಿಂದ ಸೀರೆ, ಕುಪ್ಪಸದ ಜೊತೆ ನುಗ್ಗೆ ರೆಂಬೆಯನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದದ್ದುಂಟು. ಹೀಗೆ ನೆಟ್ಟ ಮರಕ್ಕೆ ತಾಯಿಬೇರು ಇರುವುದಿಲ್ಲ. ಜೋರು ಗಾಳಿ ಬಂದರೆ ಬುಡಸಹಿತ ಅಂಗಾತ ಮಲಗಿಬಿಡುತ್ತದೆ. ಮಲಗಿದರೂ ಸಾಯುವುದಿಲ್ಲ. ಅದು ಬೇರೆ ವಿಷಯ.

ಹೊಸ ಪಂಥ ಬೀಜದ್ದು. ತಮಿಳುನಾಡಿನ ಪೆರಿಯಕುಳಂನ ತೋಟಗಾರಿಕೆ ಕಾಲೇಜಿನಿಂದ ಬಂದ ಪಿ.ಕೆ.ಎಂ-1 ಎಂಬ ತಳಿ ನುಗ್ಗೆಯ ಜಾತಕವನ್ನೇ ಬದಲಾಯಿಸಿತು. ಬೀಜ ಬಿತ್ತಿದ ಆರು ತಿಂಗಳಿಗೆಲ್ಲ ಕೊಯ್ಲು. ಕಾಯಿ 65ರಿಂದ 70 ಸೆಂಟಿಮೀಟರು ಉದ್ದ, ಗಿಡಕ್ಕೆ ವರ್ಷಕ್ಕೆ 200ಕ್ಕೂ ಹೆಚ್ಚು. ನಮ್ಮ ಬೆಳಗಾವಿ ಜಿಲ್ಲೆಯ ಅರಭಾವಿ ಕಾಲೇಜಿನವರು ಗಿಡ್ಡ ಜಾತಿಯ ‘ಧನರಾಜ’ನನ್ನು ಕೊಟ್ಟರು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಿಂದ ‘ಭಾಗ್ಯ’ ಬಂದಳು. ಹಿತ್ತಲಿನ ಮೂಲೆಯಲ್ಲಿದ್ದ ಮರ ಸಾಲು ಹಿಡಿದು ಹೊಲಕ್ಕೆ ಇಳಿಯಿತು, ಲಾರಿ ಹತ್ತಿತು. ಆದರೆ ತಳಿ ಯಾವುದೇ ಇರಲಿ, ಬೇಸಾಯದ ಸೂತ್ರ ಮಳವಳ್ಳಿಯ ಹೆಂಗಸು ಹೇಳಿದ್ದೇ. ಗಿಡ ಎರಡೂವರೆ ಅಡಿ ಎತ್ತರ ಬಂದಾಗ ಕುಡಿ ಚಿವುಟಬೇಕು. ಒಂದು ಫಸಲು ಮುಗಿದ ಮೇಲೆ ಮೂರಡಿ ಎತ್ತರಕ್ಕೆ ಕಡಿದು ಬೋಳಿಸಬೇಕು. ಹಾಗೆ ಕಡಿದರೆ ಪಕ್ಕೆಗಳಿಂದ ಚಿಗುರಿ ಮತ್ತೆ ಕಾಯಿ ಬಿಡುತ್ತದೆ. ಅಯ್ಯೋ ಎಂದು ಬಿಟ್ಟರೆ ನೇರ ಆಕಾಶಕ್ಕೆ ಹೋಗಿ, ದೋಟಿಗೆ ಸಿಗದ ಎತ್ತರದಲ್ಲಿ ನಾಲ್ಕು ಕಾಯಿ ಬಿಟ್ಟು, ಅವನ್ನು ಅಲ್ಲೇ ಒಣಗಿಸಿ, ಮೂರು ಹೋಳಾಗಿ ಒಡೆದು, ಮೂರು ರೆಕ್ಕೆಯ ಬೀಜಗಳನ್ನು ಗಾಳಿಗೆ ಹಾರಿಬಿಡುತ್ತದೆ. ಮನೆಯಾತ ಕೆಳಗೆ ನಿಂತು ನೋಡಬೇಕು.

ಹೂವಿಗೆ ಬರುವ ಅತಿಥಿಗಳಲ್ಲಿ ಮುಖ್ಯರು ಬಡಗಿ ದುಂಬಿಗಳು. ಕರ್ರಗೆ, ದಪ್ಪಗೆ, ಗುಂಯ್ಯೆಂದು ಬರುವ ಇವುಗಳ ಭಾರಕ್ಕೆ ಹೂವು ಬಾಗುತ್ತದೆ, ಪರಾಗ ಬೆನ್ನಿಗೆ ಹತ್ತುತ್ತದೆ. ಮರಗೆಲಸದ ಬಡಗಿ ತಿರುಗಿಯೂ ನೋಡದ ಮರಕ್ಕೆ ಕೊನೆಗೆ ಈ ಬಡಗಿಯೇ ದಿಕ್ಕು. ಹೂವಿನ ಪಲ್ಯ, ತಂಬುಳಿ ಮಾಡುವವರೂ ಇದ್ದಾರೆ. ಬೀದಿಗೆ ಬಿದ್ದ ಹೂವನ್ನು ಆರಿಸಿದರೆ ಸಾಕು, ಮರದ ಮೇಲಿನದನ್ನು ದುಂಬಿಗೇ ಬಿಡುವುದು ಕಾಯಿಯ ಆಸೆಯಿದ್ದವರಿಗೆ ಕ್ಷೇಮ.

ಇನ್ನು ಸೊಪ್ಪು. ನುಗ್ಗೆಸೊಪ್ಪಿನ ಅಡುಗೆ ಸುಲಭ, ಬಿಡಿಸುವುದು ತಪಸ್ಸು. ಕಡ್ಡಿಯಿಂದ ಕಡ್ಡಿ ಕವಲೊಡೆದು, ಆ ಕವಲಿಂದ ಇನ್ನೊಂದು ಕವಲೊಡೆದು, ಕೊನೆಗೆ ಉಗುರಿನಷ್ಟು ಎಲೆ. ಒಂದು ಹೊತ್ತಿನ ಪಲ್ಯಕ್ಕೆ ಬಿಡಿಸುವಷ್ಟರಲ್ಲಿ ಒಂದು ಧಾರಾವಾಹಿ, ಅದರ ಜಾಹೀರಾತು ಸಮೇತ, ಮುಗಿಯುತ್ತದೆ. ಹಿಂದೆ ಧಾರಾವಾಹಿ ಇರಲಿಲ್ಲ. ಮೊರ ನಡುವೆ ಇಟ್ಟುಕೊಂಡು ನಾಲ್ಕು ಜನ ಹೆಂಗಸರು ಕೂತು ಊರಿನವರ ಕಥೆಯನ್ನೂ ಬಿಡಿಸುತ್ತಿದ್ದರು. ಒಬ್ಬಂಟಿಗರಿಗೆ ನಮ್ಮಜ್ಜಿಯ ಉಪಾಯವೊಂದಿದೆ. ಸಂಜೆ ಸೊಪ್ಪಿನ ಕಡ್ಡಿಗಳನ್ನು ಹಾಗೇ ಹಳೆಯ ಪಂಚೆಯಲ್ಲಿ ಬಿಗಿಯಾಗಿ ಸುತ್ತಿಡಿ. ಬೆಳಗ್ಗೆ ಬಿಚ್ಚಿ ಕೊಡವಿ. ಎಲೆ ತಾನೇ ಉದುರಿ ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಮರ್ಯಾದೆಯಾಗಿ ಒಂದೊಂದೇ ಎಲೆ ಕೀಳುವವರು ಮಾತ್ರ ಮಧ್ಯಾಹ್ನದವರೆಗೂ ಕೂರಬೇಕು.

ಸೊಪ್ಪು ಕೈಗೆ ಬಂದ ಮೇಲೆ ಸೀಮೆಗೊಂದು ದಾರಿ. ಮಂಡ್ಯ, ಮೈಸೂರಿನ ಕಡೆ ಬಸ್ಸಾರು: ಬೇಳೆಯ ಜೊತೆ ಬೇಯಿಸಿ, ಕಟ್ಟು ಬಸಿದು, ಕಟ್ಟಿಗೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿದ ಪಲ್ಯ, ನಡುವೆ ಬಿಸಿ ರಾಗಿಮುದ್ದೆ. ಬೇರೇನೂ ಬೇಡ. ಉತ್ತರ ಕರ್ನಾಟಕದಲ್ಲಿ ನುಗ್ಗಿ ತಪ್ಪಲ ಪಲ್ಯಕ್ಕೆ ಹೆಸರುಬೇಳೆ, ಬಳ್ಳೊಳ್ಳಿ, ಜೋಳದ ರೊಟ್ಟಿ. ಕರಾವಳಿಯಲ್ಲಿ ಕಾಯಿಗೆ ಹಲಸಿನ ಬೀಜ ಜೊತೆಯಾಗುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಒಣಮೀನು ಜೊತೆಯಾಗುತ್ತದೆ, ಆ ಜೋಡಿಯ ಬಗ್ಗೆ ಮಾತಾಡುವಾಗ ಕರಾವಳಿಯ ಗೆಳೆಯರ ಕಣ್ಣು ಸ್ವಲ್ಪ ತೇವವಾಗುತ್ತದೆ. ಅಕ್ಕಿರೊಟ್ಟಿಯ ಹಿಟ್ಟಿಗೆ ಒಂದು ಹಿಡಿ ಸೊಪ್ಪು ಬೆರೆಸಿದರೆ ಪಲ್ಯದ ಹಂಗೂ ತಪ್ಪಿತು. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಸೊಪ್ಪು ಕೊಡುವುದು ನಮ್ಮಲ್ಲೂ ಇದೆ, ಸಮುದ್ರದಾಚೆ ಫಿಲಿಪ್ಪೀನ್ಸಿನಲ್ಲೂ ಇದೆ. ಕೇರಳದವರು ಮಾತ್ರ ಕರ್ಕಾಟಕ ಮಾಸದಲ್ಲಿ, ಎಂದರೆ ನಮ್ಮ ಆಷಾಢದ ಆಸುಪಾಸಿನಲ್ಲಿ, ಈ ಸೊಪ್ಪನ್ನು ಮುಟ್ಟುವುದಿಲ್ಲ. ನಮ್ಮಜ್ಜಿಗೋ ಆಷಾಢದಲ್ಲಿ ನುಗ್ಗೆಸೊಪ್ಪು ತಿನ್ನದಿದ್ದರೆ ಸಮಾಧಾನವಿಲ್ಲ. ಸಂಪ್ರದಾಯಗಳು ಗಡಿ ದಾಟುವಾಗ ಹೀಗೆ ಮಗ್ಗುಲು ಬದಲಾಯಿಸುತ್ತವೆ.

ಕಾಯಿ ತಿನ್ನುವ ಕಲೆಯೇ ಬೇರೆ. ಬೆರಳುದ್ದದ ಹೋಳನ್ನು ಬಾಯಿಗಿಟ್ಟು, ಹಲ್ಲಿನಿಂದ ಎಳೆದು, ಒಳಗಿನ ತಿರುಳನ್ನೂ ಹಾಲುಬೀಜವನ್ನೂ ಹೀರಿ, ಉಳಿದ ನಾರನ್ನು ಜಗಿದು ರಸ ತೆಗೆದು, ಸಿಪ್ಪೆಯನ್ನು ಎಲೆಯ ಅಂಚಿನಲ್ಲಿ ಇಡಬೇಕು. ಇದನ್ನು ಚಂದವಾಗಿ ಮಾಡಲು ಯಾರಿಂದಲೂ ಆಗುವುದಿಲ್ಲ. ಹೆಣ್ಣು ನೋಡಲು ಬಂದವರಿಗೆ ನುಗ್ಗೆಕಾಯಿ ಹುಳಿ ಬಡಿಸಬಾರದು ಎನ್ನುವುದು ಇದಕ್ಕೇ ಇರಬೇಕು. ದೊಡ್ಡ ಹೋಟೆಲಿನಲ್ಲಿ ಸೂಟು ತೊಟ್ಟು, ಚಮಚ ಫೋರ್ಕು ಹಿಡಿದು ನುಗ್ಗೆಕಾಯಿಯ ಜೊತೆ ಸೆಣಸುವವರನ್ನು ನೋಡಿದ್ದೇನೆ. ಹೋಳು ತಟ್ಟೆಯ ಸುತ್ತ ಓಡುತ್ತದೆ, ಅಪ್ಪಿತಪ್ಪಿ ಪಕ್ಕದವರ ಮಡಿಲಿಗೂ ಹಾರುತ್ತದೆ. ಸ್ವಲ್ಪ ಹೊತ್ತಿಗೆ ಅವರು ಅತ್ತಿತ್ತ ನೋಡಿ, ಚಮಚ ಕೆಳಗಿಟ್ಟು, ಬೆರಳಿಗೆ ಶರಣಾಗುತ್ತಾರೆ. ಯಾವ ದರ್ಜೆಯ ಮನುಷ್ಯನನ್ನೂ ಐದು ನಿಮಿಷದಲ್ಲಿ ನೆಲಕ್ಕಿಳಿಸುವ ಶಕ್ತಿ ಈ ಕಾಯಿಗಿದೆ. ತನಗಿಲ್ಲದ ಮರ್ಯಾದೆಯನ್ನು ಅದು ಬೇರೆಯವರಿಗೂ ಉಳಿಸುವುದಿಲ್ಲ.

ಈ ಕಾಯಿಗೆ ಗಂಡಸರ ಕಸುವು ಹೆಚ್ಚಿಸುತ್ತದೆ ಎಂಬ ಇನ್ನೊಂದು ಬಗೆಯ ಖ್ಯಾತಿಯೂ ಅಂಟಿಕೊಂಡಿದೆ. ತಮಿಳಿನಲ್ಲಿ ಭಾಗ್ಯರಾಜ್ 1983ರಲ್ಲಿ ‘ಮುಂದಾನೈ ಮುಡಿಚ್ಚು’ ಮಾಡಿದರು. ಅದೇ ಕಥೆ 1992ರಲ್ಲಿ ರವಿಚಂದ್ರನ್ ನಟಿಸಿದ ‘ಹಳ್ಳಿ ಮೇಷ್ಟ್ರು’ ಆಗಿ ಕನ್ನಡಕ್ಕೆ ಬಂತು. ಅಲ್ಲಿಂದ ಮುಂದೆ ಸಂತೆಯಲ್ಲಿ ನುಗ್ಗೆಕಾಯಿ ಆರಿಸುವ ಗಂಡಸರಿಗೆ ಮಾರುವವನ ಮುಖದ ಕಿರುನಗೆಯನ್ನು ಎದುರಿಸುವ ಗತಿ ಬಂತು. ಹೊಸದಾಗಿ ಮದುವೆಯಾದವರಂತೂ ಬೀನ್ಸು ಕೊಂಡು ಮನೆಗೆ ಹೋದರು. ಸಿನಿಮಾದವರನ್ನೇ ದೂರುವುದು ನ್ಯಾಯವಲ್ಲ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಕಾಡಿಗೆ ಹೋದ ವಾನಪ್ರಸ್ಥನು ಬಿಡಬೇಕಾದವುಗಳ ಪಟ್ಟಿಯಿದೆ: ಜೇನು, ಮಾಂಸ, ಅಣಬೆ, ಅವುಗಳ ಜೊತೆ ಶಿಗ್ರುಕ. ಶಿಗ್ರು ಎಂದರೆ ನುಗ್ಗೆ ಎಂದೇ ವೈದ್ಯರು ಹೇಳುತ್ತಾರೆ. ಸಂಸಾರ ಬಿಟ್ಟು ಬಂದವನಿಗೆ ಇದು ಬೇಡ ಎಂದು ಮನುವಿಗೆ ಯಾಕೆ ಅನಿಸಿತೋ ಅವನೇ ಬಲ್ಲ. ನನ್ನ ಅನುಭವಕ್ಕೆ ಬಂದಂತೆ ಭಾನುವಾರ ಮಧ್ಯಾಹ್ನ ನುಗ್ಗೆಕಾಯಿ ಹುಳಿ, ಅನ್ನ, ಹಪ್ಪಳ ಉಂಡವರಿಗೆ ಗಾಢವಾದ ನಿದ್ದೆ ಬರುತ್ತದೆ.

ಬೇರೆ ದೇಶದವರಿಗೆ ನುಗ್ಗೆಯ ಬೇರೆ ಉಪಯೋಗಗಳು ಕಂಡವು. ಇಲ್ಲಿದ್ದ ಇಂಗ್ಲಿಷರು ಅದರ ಬೇರನ್ನು ಅರೆದು ತಮ್ಮ ಊರಿನ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಗೆಡ್ಡೆಯ ಬದಲಿಗೆ ತಿಂದರು. ಬೇರಿನ ತೊಗಟೆಯಲ್ಲಿ ವಿಷದ ಅಂಶವಿದೆ, ಅವರನ್ನು ಅನುಕರಿಸಬೇಡಿ. ಬೀಜದಿಂದ ಬರುವ ಎಣ್ಣೆ ಬೇಗ ಕಮಟುವುದಿಲ್ಲವೆಂದು ಯುರೋಪಿನ ಗಡಿಯಾರ ತಯಾರಕರು ಸೂಕ್ಷ್ಮ ಚಕ್ರಗಳಿಗೆ ಹಾಕಿದರು, ಅತ್ತರಿನವರು ಹೂವಿನ ವಾಸನೆ ಹಿಡಿದಿಡಲು ಬಳಸಿದರು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸುಡಾನಿನ ಹೆಂಗಸರ ಬುದ್ಧಿ. ನೈಲ್ ನದಿಯಲ್ಲಿ ಕೆಂಪು ನೀರು ಬರುವ ಕಾಲದಲ್ಲಿ ಅವರು ನುಗ್ಗೆ ಬೀಜ ಕುಟ್ಟಿ ಕೊಡಕ್ಕೆ ಹಾಕಿ ಕಲಕಿಡುತ್ತಿದ್ದರು. ಬೀಜದಲ್ಲಿರುವ ಒಂದು ಪ್ರೋಟೀನು ಕೆಸರಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಇಳಿಸುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಸಾಮಿಯಾ ಅಲ್ ಅಝರಿಯಾ ಜಾನ್ ಎಂಬ ವಿಜ್ಞಾನಿ ಇದನ್ನು ನೋಡಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಜಗತ್ತಿಗೆ ತಿಳಿಸಿದರು. ನಮ್ಮಲ್ಲಿ ಈ ಕೆಲಸಕ್ಕೆ ಚಿಲ್ಲದ ಬೀಜ ತೇಯುತ್ತಿದ್ದರು. ನುಗ್ಗೆಯನ್ನು ಹುಳಿಯಿಂದ ಈಚೆಗೆ ತೆಗೆಯುವ ಯೋಚನೆ ಯಾರಿಗೂ ಬರಲಿಲ್ಲ. ತಿಳಿಯಾದ ನೀರನ್ನೂ ಕುದಿಸಿಯೇ ಕುಡಿಯಬೇಕು ಎಂಬುದು ಮಾತ್ರ ನೆನಪಿರಲಿ.

2012ರಲ್ಲಿ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ, ತಮ್ಮ 85ನೆಯ ವಯಸ್ಸಿನಲ್ಲಿ, ಪತ್ರಿಕೆಗೆ ಪುಟ್ಟ ಟಿಪ್ಪಣಿ ಬರೆದು ನುಗ್ಗೆ ಮತ್ತು ಹಿಪ್ಪುನೇರಳೆಯನ್ನು ಹೊಗಳಿದರು. ಮಂಡ್ಯದ ಯಾವ ರೈತನಾದರೂ ಅದನ್ನು ಓದಿದ್ದರೆ, ತನ್ನ ಹೊಲದ ಬದುವಿನ ವಿಷಯ ಹವಾನಾಕ್ಕೆ ಹೋಗಿದ್ದು ಹೇಗೆ ಎಂದು ಗಾಬರಿಯಾಗುತ್ತಿದ್ದ. ಆಮೇಲೆ ನುಗ್ಗೆಗೆ ‘ಸೂಪರ್‌ಫುಡ್’ ಪಟ್ಟಾಭಿಷೇಕವಾಯಿತು. ಈಗ ಅದು ಹಸಿರು ಪುಡಿಯಾಗಿ ಡಬ್ಬಿಯಲ್ಲಿದೆ, ಮಾತ್ರೆಯಲ್ಲಿದೆ, ಚಹಾದ ಚೀಲದಲ್ಲಿದೆ. ಪಾಲಕ್‌ಗಿಂತ ಇಷ್ಟು ಪಟ್ಟು ಕಬ್ಬಿಣ, ಕಿತ್ತಳೆಗಿಂತ ಇಷ್ಟು ಪಟ್ಟು ವಿಟಮಿನ್ ಸಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಒಣಗಿಸಿ ಪುಡಿ ಮಾಡಿದ ನುಗ್ಗೆಯನ್ನು ನೀರು ತುಂಬಿದ ಹಸಿ ಪಾಲಕ್ ಜೊತೆ ತಕ್ಕಡಿಗೆ ಹಾಕಿದರೆ ಯಾರು ಗೆಲ್ಲುತ್ತಾರೆಂದು ಬೇರೆ ಹೇಳಬೇಕೆ? ಒಣಗಿಸುವಾಗ ವಿಟಮಿನ್ ಸಿಯ ಬಹುಪಾಲು ಹಾರಿಹೋಗುತ್ತದೆ ಎಂಬುದು ಡಬ್ಬಿಯ ಮೇಲೆ ಇರುವುದಿಲ್ಲ. ಹಸಿಸೊಪ್ಪಿಗೆ ಈ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ಸೊಪ್ಪಿನಲ್ಲಿ 6 ಗ್ರಾಮಿಗೂ ಹೆಚ್ಚು ಪ್ರೋಟೀನು, 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಟ್ಟಿಯಾಗಿ ಸಿಗುವ ಸೊಪ್ಪಿಗೆ ಇಷ್ಟು ಸಾಕು. ಹಿತ್ತಲಿನ ಮರ ಕಡಿಸಿ, ಅಲ್ಲಿ ಕಾರು ನಿಲ್ಲಿಸಿ, ಆ ಕಾರಿನಲ್ಲೇ ಹೋಗಿ ನುಗ್ಗೆ ಪುಡಿ ತರುವವರು ಪುಡಿಯ ಬೆಲೆಗೆ ಪೆಟ್ರೋಲಿನದನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಳ್ಳೆಯದು.

ಕಾಯಿಯ ಬೆಲೆಗಂತೂ ನೀತಿ ನಿಯಮವಿಲ್ಲ. ಬೇಸಿಗೆಯಲ್ಲಿ ಎಲ್ಲರ ಮರದಲ್ಲೂ ಒಟ್ಟಿಗೆ ಕಾಯಿ ಇಳಿಯುತ್ತದೆ. ನೀವು ಪಕ್ಕದ ಮನೆಗೆ ಹತ್ತು ಕಾಯಿ ಒಯ್ದರೆ ಅವರು ಹದಿನೈದನ್ನು ನಿಮ್ಮ ಕೈಗಿಟ್ಟು ಕಳಿಸುತ್ತಾರೆ. ಮನೆಯಲ್ಲಿ ವಾರಪೂರ್ತಿ ಹುಳಿ, ಕೂಟು, ಮಾವಿನಕಾಯಿ ಹಾಕಿದ ಗೊಜ್ಜು. ಮಕ್ಕಳು ಊಟದ ಹೆಸರೆತ್ತಿದರೆ ಓಡುತ್ತಾರೆ. ಹಿಂಗಾರಿನ ಮಳೆ ಬಂದು ತಮಿಳುನಾಡಿನ ತೋಟಗಳಲ್ಲಿ ಹೂವು ಉದುರಿತೋ, ಚಳಿಗಾಲದ ಬೆಂಗಳೂರಿನಲ್ಲಿ ಕಿಲೋ 400 ರೂಪಾಯಿ ದಾಟಿದ್ದೂ ಉಂಟು. ಆಗ ಹೋಟೆಲಿನ ಸಾಂಬಾರಿನಿಂದ ನುಗ್ಗೆ ಸದ್ದಿಲ್ಲದೆ ಜಾರಿಕೊಂಡು ಮೂಲಂಗಿ ಬಂದು ಕೂರುತ್ತದೆ. ತರಕಾರಿಯವನು ನುಗ್ಗೆಕಾಯಿಯನ್ನು ಕಟ್ಟಿನಿಂದ ಬಿಚ್ಚಿ, ಒದ್ದೆ ಗೋಣಿಯಲ್ಲಿ ಸುತ್ತಿ, ಒಂದೊಂದನ್ನೇ ಎಣಿಸಿ ಮಾರುತ್ತಾನೆ. ಎರಡು ತಿಂಗಳ ಮಟ್ಟಿಗೆ ಅದಕ್ಕೂ ಒಂದು ಘನತೆ ಬರುತ್ತದೆ. ಫೆಬ್ರವರಿಯಲ್ಲಿ ಮತ್ತೆ ಯಥಾಸ್ಥಿತಿ.

ಜಾಗವಿದ್ದವರು ಒಂದು ನುಗ್ಗೆ ನೆಡಿ. ಗೋಡೆಯಿಂದ, ತಂತಿಯಿಂದ, ಬಟ್ಟೆ ಒಣಹಾಕುವ ಹಗ್ಗದಿಂದ ದೂರವಿರಲಿ. ನೀರು ನಿಲ್ಲುವ ತಗ್ಗು ಬೇಡ. ಮೊದಲ ವರ್ಷ ನೀರು ಕೊಟ್ಟು, ಆಮೇಲೆ ಮರೆತುಬಿಡಿ. ಆಳೆತ್ತರ ದಾಟಿದರೆ ನಾಚಿಕೆಯಿಲ್ಲದೆ ಕಡಿಯಿರಿ. ನರ್ಸರಿಗೆ ಹೋಗಬೇಕಾಗಿಲ್ಲ, ರೆಂಬೆ ಬೇಕೆಂದು ನಿಮ್ಮ ಬೀದಿಯಲ್ಲೇ ಕೇಳಿ ನೋಡಿ. ನುಗ್ಗೆ ಇರುವ ಮನೆಯವರು ಇಲ್ಲ ಎನ್ನುವುದಿಲ್ಲ. ಕಡಿಯುವ ಕೂಲಿ ಉಳಿಯಿತೆಂದು ಕಾಫಿಯನ್ನೂ ಕೊಟ್ಟಾರು. ಮಚ್ಚು ಮಾತ್ರ ನೀವೇ ಒಯ್ಯಿರಿ.